ಕರೆಂಟಿನ ತಪ್ಪಲ್ಲ, ಬಿದ್ದಿದ್ದು ಪಿಎಚ್‌ಪಿ

ನಮಸ್ಕಾರ. ನಮ್ಮ ಶಿವಮೊಗ್ಗ ಕಡೆ ಕಂಪ್ಯೂಟರಿಗೆ ಏನೇ ಆಗಲಿ, ಕಾರಣ ಎರಡೇ. ಒಂದು ಕರೆಂಟು, ಇನ್ನೊಂದು ನೆಟ್ಟು. ತೀರ್ಥಹಳ್ಳಿ ಹತ್ತಿರ ಲೈನ್ ಮೇಲೆ ಮರ ಬಿತ್ತಂತೆ, ಸಾಗರದ ಹತ್ತಿರ ಕೇಬಲ್ ಕಟ್ಟಾಯ್ತಂತೆ. ಮಳೆಗಾಲದಲ್ಲಿ ಇದು ನಿಜ ಇರಬಹುದು. ಆದರೆ ಮಳೆ ನಿಂತು, ಕೊಯ್ಲು ಮುಗಿದು, ಮಂಡಿಗೆ ಅಡಿಕೆ ಬರೋಕೆ ಶುರುವಾದ ಮೇಲೂ ಅದೇ ಮಾತು ಕೇಳಿದರೆ ಅನುಮಾನ ಬರಬೇಕು ಅಲ್ವಾ?

ವಿಷಯ ಇಷ್ಟೇ. ಒಂದು ಅಡಿಕೆ ಮಂಡಿಯ ದರಪಟ್ಟಿಯ ವೆಬ್ ಪುಟ, ಅದನ್ನು ತಯಾರು ಮಾಡುವುದು ಪಿಎಚ್‌ಪಿ ಅನ್ನುವ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್. ರಾಶಿ, ಬೆಟ್ಟೆ, ಸರಕು, ಗೊರಬಲು, ಪಕ್ಕದಲ್ಲಿ ಆವಕ, ಕನಿಷ್ಠ, ಗರಿಷ್ಠ. ಆವಕ ಕಡಿಮೆ ಇದ್ದ ದಿನ ಪುಟ ಚೆನ್ನಾಗಿ ತೆರೆಯುತ್ತಿತ್ತು. ಜಾಸ್ತಿ ಇದ್ದ ದಿನ ಬಿಳಿ ಪುಟ. ಎರರ್ ಇಲ್ಲ, ಸಾಲಿನ ನಂಬರ್ ಇಲ್ಲ, ಏನೂ ಇಲ್ಲ.

ಈ "ಏನೂ ಇಲ್ಲ" ಅನ್ನುವುದೇ ದೊಡ್ಡ ಸುಳಿವು. ಸ್ಕ್ರಿಪ್ಟ್ ತಪ್ಪಿದ್ದರೆ ಪಿಎಚ್‌ಪಿ ಎಲ್ಲೋ ಒಂದು ಕಡೆ ಬೈದು ಬರೆದಿಡುತ್ತದೆ. ಸ್ಕ್ರಿಪ್ಟ್ ಓದಿ ಓಡಿಸುವ ಪಿಎಚ್‌ಪಿಯೇ (ಇಂಟರ್‌ಪ್ರಿಟರ್) ಬಿದ್ದರೆ ಬೈಯೋಕೆ ಯಾರಿರುತ್ತಾರೆ? ಆಗ ನೋಡಬೇಕಾದ್ದು ಅಪಾಚೆಯ, ಅಂದರೆ ಪುಟ ಕಳಿಸಿಕೊಡುವ ವೆಬ್ ಸರ್ವರ್‌ನ, ಎರರ್ ಲಾಗ್. ಅಲ್ಲಿ ಒಂದೇ ಸಾಲು: ಚೈಲ್ಡ್ ಪ್ರೋಸೆಸ್, ಎಕ್ಸಿಟ್ ಸಿಗ್ನಲ್, ಸೆಗ್ಮೆಂಟೇಷನ್ ಫಾಲ್ಟ್, ಬ್ರಾಕೆಟ್ಟಿನಲ್ಲಿ 11. ಅಂದರೆ ಅಪಾಚೆ ಹುಟ್ಟಿಸಿದ ಒಂದು ಪ್ರೋಸೆಸ್ ಮುಟ್ಟಬಾರದ ಮೆಮೊರಿ ಮುಟ್ಟಿ ಸತ್ತಿದೆ. ಒಂದು ಚೈಲ್ಡ್ ಸತ್ತರೆ ಅಪಾಚೆ ಸುಮ್ನೆ ಇನ್ನೊಂದನ್ನು ಹುಟ್ಟಿಸುತ್ತದೆ. ಬೇರೆ ಪುಟಗಳು ಆರಾಮಾಗಿ ತೆರೆಯುತ್ತವೆ. ಅದಕ್ಕೇ ಎಲ್ಲರೂ "ಸರ್ವರ್ ಸರಿ ಇದೆ, ನಿಮ್ಮ ನೆಟ್ ನೋಡಿಕೊಳ್ಳಿ" ಅಂತ ಕೈ ತೊಳೆದುಕೊಳ್ಳುವುದು.

ಕೋರ್ ಡಂಪ್ (ಸತ್ತ ಕ್ಷಣದ ಮೆಮೊರಿಯ ಪ್ರತಿ) ತೆಗೆದು ಜಿಡಿಬಿ ಅನ್ನುವ ಡಿಬಗ್ಗರ್‌ಗೆ ಕೊಟ್ಟು, ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿ) ಕೇಳಿದರೆ ಕಥೆ ಬಿಚ್ಚಿಕೊಳ್ಳುತ್ತದೆ. ಮ್ಯಾಚ್, ಮ್ಯಾಚ್, ಮ್ಯಾಚ್. ಒಂದೇ ಫಂಕ್ಷನ್ ತನ್ನನ್ನೇ ಸಾವಿರಾರು ಸಲ ಕರೆದುಕೊಂಡಿದೆ. ಅದು ಪಿಎಚ್‌ಪಿ ಒಳಗೆ ಕೂತಿರುವ ಪಿಸಿಆರ್‌ಇ, ಅಂದರೆ ರೆಗ್ಯುಲರ್ ಎಕ್ಸ್‌ಪ್ರೆಷನ್ (ಪಠ್ಯದಲ್ಲಿ ಹುಡುಕುವ ಪ್ಯಾಟರ್ನ್) ಓದುವ ಲೈಬ್ರರಿ. ಸ್ಕ್ರಿಪ್ಟಿನಲ್ಲಿದ್ದ ಪ್ಯಾಟರ್ನ್ ಏನು ಗೊತ್ತಾ? ಯಾವ ಅಕ್ಷರ ಆದರೂ ಸರಿ, ಹೊಸ ಸಾಲಾದರೂ ಸರಿ, ಎಷ್ಟು ಸಲ ಬಂದರೂ ಸರಿ. ಸೋಮಾರಿತನದಲ್ಲಿ ಬರೆದ ಪ್ಯಾಟರ್ನ್, ಒಪ್ಪಿದೆ. ಪಿಸಿಆರ್‌ಇಯ ಹಳೇ ಆವೃತ್ತಿ ಅದರ ಪ್ರತಿ ಸುತ್ತಿಗೂ ಸ್ಟ್ಯಾಕ್ ಮೇಲೆ, ಅಂದರೆ ಫಂಕ್ಷನ್ ಕರೆಗಳಿಗೆ ಮೀಸಲಿಟ್ಟ ಮಿತ ಮೆಮೊರಿಯಲ್ಲಿ, ಜಾಗ ಕೇಳುತ್ತದೆ. ಆವಕ ಜಾಸ್ತಿ ಆದಷ್ಟೂ ಪಟ್ಟಿ ಉದ್ದ, ಸುತ್ತೂ ಜಾಸ್ತಿ.

ಈಗ ಲೆಕ್ಕ ನೋಡಿ. ಒಂದು ರಿಕರ್ಷನ್‌ಗೆ, ಅಂದರೆ ಫಂಕ್ಷನ್ ತನ್ನನ್ನೇ ಒಂದು ಸಲ ಕರೆದುಕೊಳ್ಳುವುದಕ್ಕೆ, ಸುಮಾರು 500 ಬೈಟ್ ಅಂತ ಹಳೇ ಪಿಸಿಆರ್‌ಇ ಕೈಪಿಡಿಯೇ ಹೇಳುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸಿಗುವ ಸ್ಟ್ಯಾಕ್ 8 ಎಂಬಿ. ಅಷ್ಟಕ್ಕೆ 16,000 ರಿಕರ್ಷನ್ ಮಿತಿ ಇಡಿ ಅಂತಲೂ ಅದೇ ಕೈಪಿಡಿ ಹೇಳುತ್ತದೆ. ಪಿಎಚ್‌ಪಿ ತಾನಾಗಿ ಇಟ್ಟುಕೊಂಡ ಮಿತಿ ಎಷ್ಟು? 1,00,000. ಅಂದರೆ ಅಷ್ಟಕ್ಕೆ 50 ಎಂಬಿ ಬೇಕು. ಮಿತಿ ಮುಟ್ಟುವ ಎಷ್ಟೋ ಮೊದಲೇ ಸ್ಟ್ಯಾಕ್ ಮುಗಿದು ಪ್ರೋಸೆಸ್ ಸತ್ತಿರುತ್ತದೆ.

ಇನ್ನೊಂದು ಮಜಾ ಇದೆ. ಬರೆದವರು ಇಂಗ್ಲಿಷ್ ಹೆಸರು ಹಾಕಿ ಪರೀಕ್ಷೆ ಮಾಡಿದ್ದರು. ಇಂಗ್ಲಿಷ್ ಅಕ್ಷರದಲ್ಲಿ ರಾಶಿ ಅಂತ ಟೈಪ್ ಮಾಡಿದರೆ 5 ಬೈಟ್. ಕನ್ನಡದಲ್ಲಿ? ಯುಟಿಎಫ್-8 ಅನ್ನುವ ಅಕ್ಷರ ಸಂಕೇತದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ರ, ಅದರ ದೀರ್ಘ, ಶ, ಅದರ ಗುಡಿಸು, ಒಟ್ಟು 12. ಗೊರಬಲು 18. ಪ್ಯಾಟರ್ನಿಗೆ ಯುನಿಕೋಡ್ ಗುರುತು (ಚಿಹ್ನೆ ಲೆಕ್ಕದಲ್ಲಿ ಓದು ಅನ್ನುವ ಸೂಚನೆ) ಹಾಕಿರಲಿಲ್ಲ, ಹಾಗಾಗಿ ಅದು ಬೈಟ್ ಬೈಟ್ ಎಣಿಸುತ್ತಾ ಹೋಗುತ್ತದೆ. ಇಂಗ್ಲಿಷಿನಲ್ಲಿ ಪಾಸಾದ ಪುಟ ಕನ್ನಡದಲ್ಲಿ ಮಕಾಡೆ ಮಲಗಿತು.

ಇಲ್ಲಿ ನನ್ನ ತಕರಾರು. ಇಂಥದ್ದು ಕಂಡ ಕೂಡಲೇ ಬಲ್ಲವರು ಹೇಳುವುದು "ಪ್ಯಾಟರ್ನ್ ಕೆಟ್ಟದ್ದು, ತಪ್ಪು ನಿಮ್ಮದೇ". ನಾನು ಒಪ್ಪುವುದಿಲ್ಲ. ಟಿಕೆಟ್ ತೆಗೆಯದವನನ್ನು ಕಂಡಕ್ಟರ್ ಕೆಳಗಿಳಿಸಲಿ, ಅದಕ್ಕಾಗಿ ಬಸ್ಸನ್ನೇ ಆಗುಂಬೆ ಘಾಟಿಯಿಂದ ಉರುಳಿಸೋದಾ? ಸ್ಕ್ರಿಪ್ಟ್ ಏನೇ ಬರೆದಿರಲಿ, ಇಂಟರ್‌ಪ್ರಿಟರ್ ಬೈದು ನಿಲ್ಲಿಸಬೇಕು, ತಾನೇ ಸಾಯಬಾರದು. ಮಿತಿ ಜಾಸ್ತಿ ಇಟ್ಟರೆ ಕ್ರ್ಯಾಶ್ ಆಗಬಹುದು ಅಂತ ಪಿಎಚ್‌ಪಿ ಕೈಪಿಡಿಯಲ್ಲಿ ಎಚ್ಚರಿಕೆ ಇದೆ, ನಿಜ. ಎಚ್ಚರಿಕೆ ಬರೆದಿಟ್ಟರೆ ಬಗ್ ಮಾಯ ಆಗುತ್ತದಾ? ಸರಿ ಮಾಡೋಕೆ ಆಗದ ವಿಷಯವೂ ಅಲ್ಲ. 2017ರಲ್ಲಿ ಪಿಸಿಆರ್‌ಇಯ ಹೊಸ ಪೀಳಿಗೆ ಪಿಸಿಆರ್‌ಇ2ರ 10.30 ಆವೃತ್ತಿ ಬಂದಾಗ ಈ ಕೆಲಸವನ್ನು ಸ್ಟ್ಯಾಕ್ ಬಿಡಿಸಿ ಹೀಪ್‌ಗೆ, ಅಂದರೆ ಬೇಕಾದಂತೆ ಕೇಳಿ ಪಡೆಯುವ ಮೆಮೊರಿಗೆ, ಹಾಕಿದರು. 2018ರ ಡಿಸೆಂಬರ್‌ನಲ್ಲಿ ಪಿಎಚ್‌ಪಿ 7.3 ಅದೇ ಪಿಸಿಆರ್‌ಇ2ಕ್ಕೆ ಬದಲಾಯಿತು. ಪಿಎಚ್‌ಪಿ 5.6ರ ಬೆಂಬಲ ನಿಂತದ್ದೂ ಅದೇ ತಿಂಗಳು. ಈ ಮಂಡಿಯ ಸರ್ವರ್ ಮಾತ್ರ ಇನ್ನೂ 5.6ರಲ್ಲೇ ಇತ್ತು.

ಅದಕ್ಕಿಂತ ಸಿಟ್ಟು ಬಂದದ್ದು ಬೇರೆ ಒಂದಕ್ಕೆ. ಹತ್ತು ನಿಮಿಷಕ್ಕೊಮ್ಮೆ ಅಪಾಚೆ ರೀಸ್ಟಾರ್ಟ್ ಮಾಡಲು ಯಾರೋ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಆಜ್ಞೆ) ಹಾಕಿಟ್ಟಿದ್ದರು! ಬಿದ್ದರೆ ಎಬ್ಬಿಸು, ಯಾಕೆ ಬಿತ್ತು ಅಂತ ಕೇಳಬೇಡ.

ಆವೃತ್ತಿ ಬದಲಿಸೋಕೆ ಮಾಲೀಕರು ಒಪ್ಪಲಿಲ್ಲ, ಬಿಲ್ಲಿಂಗ್ ನಿಂತೀತು ಅನ್ನುವ ಭಯ. ಸೀಸನ್ ನಡುವೆ ಅದು ನ್ಯಾಯವೇ. ಹಾಗಾಗಿ ರಿಕರ್ಷನ್ ಲಿಮಿಟ್ 10,000ಕ್ಕೆ ಇಳಿಸಿದೆವು. ಸೆಗ್‌ಫಾಲ್ಟ್ ನಿಂತಿತು, ದರಪಟ್ಟಿ ಮಾತ್ರ ಖಾಲಿ! ಮಿತಿ ದಾಟಿದರೆ ಪ್ಯಾಟರ್ನ್ ಹುಡುಕುವ ಪಿಎಚ್‌ಪಿ ಫಂಕ್ಷನ್ ಪ್ರೆಗ್‌ಮ್ಯಾಚ್ ಫಾಲ್ಸ್ (ಹುಡುಕಾಟವೇ ಕೆಟ್ಟಿತು) ಕೊಡುತ್ತದೆ, ಹುಡುಕಿದ್ದು ಸಿಗದಿದ್ದರೆ ಸೊನ್ನೆ ಕೊಡುತ್ತದೆ, ಸ್ಕ್ರಿಪ್ಟ್ ಎರಡನ್ನೂ ಒಂದೇ ಅಂದುಕೊಂಡಿತ್ತು. ಕೊನೆಗೆ ಆ ಪ್ಯಾಟರ್ನನ್ನೇ ಕಿತ್ತು, ಸ್ಟ್ರಿಂಗ್ ಹುಡುಕುವ ಎರಡು ಸಾಲು ಹಾಕಿದೆವು. ಕ್ರಾನ್ ಸಾಲನ್ನೂ ಅಳಿಸಿಯೇ ಎದ್ದೆವು.