ಪಿರಮಿಡ್ ಒಳಗೆ ಮಸಿಯಲ್ಲಿ ಬರೆದ ಹೆಸರು

ಬಗ್ಗಿಕೊಂಡೇ ಇಳಿಯಬೇಕು. ಈ ದಾರಿಯ ಎತ್ತರ ನಾಲ್ಕು ಅಡಿಯಷ್ಟೇ. ಎದುರಿಂದ ಯಾರಾದರೂ ಹತ್ತಿ ಬಂದರೆ ಗೋಡೆಗೆ ಅಂಟಿಕೊಂಡು ಜಾಗ ಬಿಡಬೇಕು. ನನ್ನ ಬ್ಯಾಗ್ ಆಗಲೇ ಎರಡು ಸಲ ಸಿಕ್ಕಿಹಾಕಿಕೊಂಡಿತು.

ಇದು ಈಜಿಪ್ಟಿನ ಗೀಜಾದ ಎರಡನೇ ಪಿರಮಿಡ್, ದೊರೆ ಖಾಫ್ರೆಯದ್ದು. ಹೊರಗಿನಿಂದ ಇದೇ ದೊಡ್ಡದು ಅನ್ನಿಸುತ್ತದೆ, ಅಲ್ವಾ? ದಿಬ್ಬದ ಮೇಲಿದೆ, ಅದಕ್ಕೇ. ಕಟ್ಟಿದಾಗ ಅವನ ಅಪ್ಪ ಖುಫುವಿನದೇ ಸುಮಾರು ಮೂರು ಮೀಟರ್ ಜಾಸ್ತಿ ಇತ್ತು.

ಕೋಣೆ ಬಂತು. ಬೆವರು ಒರೆಸಿಕೊಂಡು ತಲೆ ಎತ್ತಿದರೆ, ಗೋಡೆ ತುಂಬ ದಪ್ಪ ಕಪ್ಪು ಅಕ್ಷರ. ಚಿತ್ರಲಿಪಿ ಅಲ್ಲ, ಇಟಾಲಿಯನ್! 'ಜಿ. ಬೆಲ್ಜೋನಿ ಕಂಡುಹಿಡಿದದ್ದು, 2 ಮಾರ್ಚ್ 1818.'

ಈ ಬೆಲ್ಜೋನಿ ಆರೂವರೆ ಅಡಿ ಆಳು. ಲಂಡನ್ನಿನ ರಂಗದ ಮೇಲೆ ಒಟ್ಟಿಗೆ ಹನ್ನೊಂದು ಹನ್ನೆರಡು ಜನರನ್ನು ಹೊತ್ತು ಹೊಟ್ಟೆ ಹೊರೆದವನು. ಈಜಿಪ್ಟಿಗೆ ಬಂದದ್ದು ನೀರೆತ್ತುವ ಯಂತ್ರ ತೋರಿಸಿ ದುಡ್ಡು ಮಾಡೋಣ ಅಂತ. ಅದು ಕೈ ಹಿಡಿಯಲಿಲ್ಲ. ಆಗ ಈ ಪಿರಮಿಡ್ಡಿಗೆ ಬಾಗಿಲೇ ಇಲ್ಲ ಅನ್ನುವ ನಂಬಿಕೆ ಇತ್ತು. ಖುಫು ಪಿರಮಿಡ್ಡಿನ ಬಾಗಿಲು ನಟ್ಟನಡುವೆ ಇಲ್ಲ, ಪೂರ್ವಕ್ಕೆ ಸರಿದಿದೆ ಅನ್ನುವುದನ್ನು ಇವನು ಗಮನಿಸಿದ. ಅದೇ ಲೆಕ್ಕದಲ್ಲಿ ಇಲ್ಲೂ ಹುಡುಕಿದ. ಮೊದಲು ಸಿಕ್ಕಿದ್ದು ಹಳೇ ಕಳ್ಳರು ಕೊರೆದ ದಾರಿ. ಆಮೇಲೆ ನಿಜವಾದದ್ದು.

ಇಷ್ಟೆಲ್ಲ ಪಾಡುಪಟ್ಟು ಒಳಗೆ ಬಂದರೆ, ಗೋಡೆ ಮೇಲೆ ಅರಬ್ಬಿ ಬರಹ. ಅಂದರೆ ಮೊದಲೇ ಯಾರೋ ಬಂದು ಹೋಗಿದ್ದರು! ನೋಡಿ, ನೆಲದಲ್ಲಿ ಹುದುಗಿರುವ ಈ ಗ್ರಾನೈಟ್ ತೊಟ್ಟಿ. ಇದರ ಮುಚ್ಚಳ ಒಡೆದಿತ್ತು. ಒಳಗೆ ಸಿಕ್ಕ ಮೂಳೆಗಳು ದೊರೆಯದ್ದಲ್ಲ, ಎತ್ತಿನವು. ಆದರೂ 'ಕಂಡುಹಿಡಿದದ್ದು' ಅಂತ ಬರೆದೇ ಬಿಟ್ಟ, ಪುಣ್ಯಾತ್ಮ.

ಸರಿ, ಹೊರಗೆ ಬಂದೆ. ಅಬ್ಬಾ, ಗಾಳಿ!

ಅಗೋ, ದಕ್ಷಿಣದಲ್ಲಿ ಇಳಿಜಾರು ಕಾಣುತ್ತಿದೆಯಲ್ಲ? 1990ರಲ್ಲಿ ಅಲ್ಲಿ ಒಂದು ಕುದುರೆ ಎಡವಿತು. ಕಾಲಿಗೆ ಸಿಕ್ಕಿದ್ದು ಹಸಿ ಇಟ್ಟಿಗೆಯ ಗೋಡೆ. ಅಗೆದರೆ ಪಿರಮಿಡ್ ಕಟ್ಟಿದವರ ಸಮಾಧಿಗಳು! ಕುದುರೆ ಮಾತ್ರ ಎಲ್ಲೂ ಹೆಸರು ಬರೆಯಲಿಲ್ಲ. ಅಲ್ಲಿ ಸಿಕ್ಕ ಅಸ್ಥಿಪಂಜರಗಳಲ್ಲಿ ಭಾರ ಹೊತ್ತು ಸವೆದ ಬೆನ್ನುಮೂಳೆಗಳಿವೆ. ಮುರಿದು ಮತ್ತೆ ನೆಟ್ಟಗೆ ಕೂಡಿಕೊಂಡ ಕೈಮೂಳೆಗಳೂ ಇವೆ. ಯಾರೋ ಕಟ್ಟು ಹಾಕಿ ನೋಡಿಕೊಂಡಿದ್ದಾರೆ.

ಪಿರಮಿಡ್ ಕಟ್ಟಿದವರೂ ಹೆಸರು ಬರೆದಿದ್ದಾರೆ, ತಮ್ಮ ತಂಡದ್ದು. ಮೂರನೇ ಪಿರಮಿಡ್, ಅಂದರೆ ದೊರೆ ಮೆಂಕೌರೆಯದ್ದು, ಅದರ ಕಡೆಯ ಕಲ್ಲುಗಳ ಮೇಲೆ ಒಂದು ತಂಡದ ಹೆಸರು ಸಿಕ್ಕಿದೆ: 'ಮೆಂಕೌರೆಯ ಕುಡುಕರು'. ಬೆಲ್ಜೋನಿಯ ಮಸಿಗಿಂತ ನನಗೆ ಇದೇ ಜಾಸ್ತಿ ಹಿಡಿಸಿತು.

ಬನ್ನಿ, ಬಿಸಿಲೇರುವ ಮುಂಚೆ ಆ ಕಡೆ ಹೋಗೋಣ. ಕುದುರೆ ಬೇಡ, ನಡೆದೇ.