ಮೊದಲು ಮಗುಚಿ ನೋಡಿ, ಆಮೇಲೆ ಕೂತು ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ನಡುಮನೆಯಲ್ಲಿ ಒಂದು ಬೆತ್ತದ ಸೋಫಾ ಇದೆ. ಚೌಕಟ್ಟು ಬೀಟೆ ಮರದ್ದು. ಕೂರುವ ಕಡೆ, ಒರಗುವ ಕಡೆ ಎರಡೂ ಬೆತ್ತದ ಹೆಣಿಗೆ. ಮಂಗಳೂರು ಕಡೆಯ ಹಳೆ ಮನೆಗಳಲ್ಲಿ, ಚಿಕ್ಕಮಗಳೂರು, ಕೊಡಗಿನ ತೋಟದ ಬಂಗಲೆಗಳಲ್ಲಿ ನೀವೂ ಇಂಥದ್ದನ್ನು ನೋಡಿರುತ್ತೀರಿ. ಬಂದವರು ಅದರ ಮೇಲೆ ಕೈಯಾಡಿಸಿ, 'ಎಲ್ಲಿ ಸಿಕ್ತು? ನಮಗೂ ಒಂದು ಬೇಕಿತ್ತು' ಅನ್ನುತ್ತಾರೆ. ಎಲ್ಲಿ ಸಿಕ್ಕಿತು ಅನ್ನುವುದಕ್ಕಿಂತ ಹೇಗೆ ನೋಡಿ ತಂದೆ ಅನ್ನುವುದನ್ನು ಇವತ್ತು ಹೇಳುತ್ತೇನೆ. ಯಾಕೆಂದರೆ ಇದಕ್ಕೂ ಮೊದಲು ಒಂದು ಹಳೆ ಸೋಫಾ ತಂದು ಕೈ ಸುಟ್ಟುಕೊಂಡಿದ್ದೆ.

ಆ ಮೊದಲನೆಯದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಂಗಡಿಯವರು 'ಬ್ರಿಟಿಷರ ಕಾಲದ ಬೀಟೆ, ಮೇಡಂ' ಅಂದರು. ನಂಬಿದೆ. ಎದುರಿಗೆ ನಿಂತು ನೋಡಿದೆ, ಕೂತು ನೋಡಿದೆ, ದುಡ್ಡು ಕೊಟ್ಟೆ. ಮೊದಲ ಬೇಸಿಗೆಯಲ್ಲೇ ಕಾಲಿನ ಬುಡದಲ್ಲಿ ಸಣ್ಣ ರವೆಯಂಥ ಪುಡಿ ಬೀಳತೊಡಗಿತು. ದಿನಾ ಗುಡಿಸುತ್ತಿದ್ದೆ, ದಿನಾ ಬೀಳುತ್ತಿತ್ತು. ಕೊನೆಗೆ ಪರಿಚಯದ ಬಡಗಿಯೊಬ್ಬರು ಬಂದು ಅದನ್ನು ಮಗುಚಿ ಹಾಕಿದರು. ಕೆಳಗಡೆ ಬೀಟೆಯೂ ಇಲ್ಲ, ತೇಗವೂ ಇಲ್ಲ. ಬಿಳೀ ಕಾಡುಮರ. ಅದರ ತುಂಬ ಸೂಜಿ ಚುಚ್ಚಿದಂಥ ತೂತು. ಮೇಲೆ ಕಾಣುವ ಕಡೆ ಮಾತ್ರ ಬೀಟೆಯ ಬಣ್ಣ ಬಳಿದಿದ್ದರು. 'ಅಮ್ಮ, ಹಳೇ ಸೋಫಾನ ಮೊದಲು ಮಗುಚಬೇಕು, ಆಮೇಲೆ ಕೂರಬೇಕು' ಅಂದರು ಅವರು. ಅಂದಿನಿಂದ ನಾನು ಯಾವ ಅಂಗಡಿಗೆ ಹೋದರೂ ಮಾಡುವ ಮೊದಲ ಕೆಲಸ ಅದೇ.

ಮಗುಚಿದಾಗ ಏನು ನೋಡಬೇಕು? ಮೊದಲು ಮರ. ಕೆಳಭಾಗಕ್ಕೆ ಸಾಮಾನ್ಯವಾಗಿ ಪಾಲಿಶ್ ಹೊಡೆದಿರುವುದಿಲ್ಲ. ಹಾಗಾಗಿ ಮರ ತನ್ನ ನಿಜವಾದ ಬಣ್ಣದಲ್ಲೇ ಇರುತ್ತದೆ. ಕಾಣದ ಕಡೆ ಉಗುರಿನಿಂದಲೋ ಬೀಗದ ಕೈಯಿಂದಲೋ ಚೂರು ಗೀರಿ ನೋಡಿ. ಬೀಟೆ ಗೀರಿದರೆ ಒಳಗೂ ಕಂದು, ನೇರಳೆ ಛಾಯೆಯ ಕಂದು. ಬಣ್ಣ ಬಳಿದ ಮರ ಗೀರಿದರೆ ಬೆಳ್ಳಗೆ ಕಾಣುತ್ತದೆ. ಇನ್ನೊಂದು ದಾರಿ, ಒಂದು ತುದಿ ಹಿಡಿದು ಎತ್ತಿ ನೋಡುವುದು. ಒಂದು ಘನ ಮೀಟರ್ ತೇಗ ಸುಮಾರು 650 ಕಿಲೋ ತೂಗಿದರೆ ಬೀಟೆ 800 ಕಿಲೋ ದಾಟುತ್ತದೆ. ಬೀಟೆಯ ಸೋಫಾ ಒಬ್ಬರ ಕೈಗೆ ಸುಲಭಕ್ಕೆ ಏಳುವುದಿಲ್ಲ.

ತೂತು ಕಂಡ ಕೂಡಲೇ ಬೇಡ ಅನ್ನಬೇಡಿ. ಹುಳ ಬಂದು ಹೋದ ಹಳೇ ತೂತಿನ ಒಳಗೆ ಕಪ್ಪಾಗಿರುತ್ತದೆ, ಪುಡಿ ಇರುವುದಿಲ್ಲ. ಹುಳ ಈಗಲೂ ಇದ್ದರೆ ತೂತಿನ ಒಳಗೆ ಹೊಸ ಮರದ ತಿಳಿ ಬಣ್ಣ ಕಾಣುತ್ತದೆ. ಕೆಳಗೆ ಒಂದು ಹಾಳೆ ಹಾಸಿ ಚೌಕಟ್ಟನ್ನು ಕೈಯಿಂದ ಜೋರಾಗಿ ಬಡಿಯಿರಿ. ಹಾಳೆಯ ಮೇಲೆ ಪುಡಿ ಉದುರಿದರೆ ಅಲ್ಲಿಂದ ಎದ್ದು ಬನ್ನಿ. ಬೀಟೆ, ತೇಗದ ಚೇಗಿಗೆ, ಅಂದರೆ ನಡುವಿನ ಗಟ್ಟಿ ಮರಕ್ಕೆ, ಹುಳ ಸುಲಭವಾಗಿ ಹತ್ತುವುದಿಲ್ಲ. ಚೇಗಿನ ಸುತ್ತ ಇರುವ ಬಿಳಿ ಭಾಗವನ್ನೂ ಸೇರಿಸಿ ಕೊಯ್ದ ಮರಕ್ಕೆ ಹತ್ತುತ್ತದೆ.

ಆಮೇಲೆ ಕೂಡುಗಳು. ಹಳೇ ಕೆಲಸದಲ್ಲಿ ಒಂದು ಮರದ ನಾಲಿಗೆ ಇನ್ನೊಂದರ ತೂತಿನೊಳಗೆ ಗಟ್ಟಿಯಾಗಿ ಕೂತಿರುತ್ತದೆ. ಅದಕ್ಕೆ ಅಡ್ಡಲಾಗಿ ಒಂದು ಮರದ ಗೂಟ ಹೊಡೆದಿರುತ್ತಾರೆ. ಸೋಫಾವನ್ನು ನೆಲದ ಮೇಲೆ ನಿಲ್ಲಿಸಿ, ಎರಡು ಕೈಯಿಂದ ಹಿಡಿದು ಪಕ್ಕಕ್ಕೆ ಅಲುಗಿಸಿ. ಸ್ವಲ್ಪ ಕಿರುಗುಟ್ಟಿದರೆ ಪರವಾಗಿಲ್ಲ, ಬಡಗಿ ಬಿಚ್ಚಿ ಮತ್ತೆ ಅಂಟು ಹಾಕಿ ಕೂರಿಸುತ್ತಾರೆ. ಆದರೆ ಕೂಡಿನ ಜಾಗದಲ್ಲಿ ಕಬ್ಬಿಣದ ಪಟ್ಟಿ ಬಡಿದಿದ್ದರೆ ಒಳಗಿನ ನಾಲಿಗೆಯೇ ಮುರಿದಿರಬಹುದು. ಅದು ದೊಡ್ಡ ಕೆಲಸ.

'ಬ್ರಿಟಿಷರ ಕಾಲದ್ದು' ಅನ್ನುವ ಮಾತು ಎಲ್ಲ ಅಂಗಡಿಯಲ್ಲೂ ಕೇಳುತ್ತೀರಿ. ತಿರುಪು ಮೊಳೆಗಳನ್ನು ನೋಡಿ. ತಲೆಯ ಮೇಲೆ ಪ್ಲಸ್ ಗುರುತಿರುವ ತಿರುಪು ಬಳಕೆಗೆ ಬಂದದ್ದು 1930ರ ದಶಕದಲ್ಲಿ. ನೂರೈವತ್ತು ವರ್ಷ ಹಳೆಯದು ಅಂತ ಹೇಳುವ ಸೋಫಾದ ತುಂಬ ಪ್ಲಸ್ ತಿರುಪೇ ಇದ್ದರೆ ಆ ಮಾತು ನಂಬುವ ಹಾಗಿಲ್ಲ. ಒಂದೋ ಎರಡೋ ಇದ್ದರೆ ಆಮೇಲೆ ರಿಪೇರಿ ಮಾಡಿಸಿದ್ದಿರಬಹುದು. ನೂರು ವರ್ಷ ದಾಟಿದ್ದನ್ನು ಆ್ಯಂಟಿಕ್ ಅನ್ನುವುದು ರೂಢಿ. ಅದಕ್ಕಿಂತ ಈಚಿನದು ವಿಂಟೇಜ್. ನನ್ನ ಮಟ್ಟಿಗೆ 1950, 60ರ ತೇಗದ ಸೋಫಾ ಏನೂ ಕಮ್ಮಿಯಲ್ಲ. ಬೆಲೆ ಕಡಿಮೆ, ಮರ ಅಷ್ಟೇ ಗಟ್ಟಿ, ಕೂರುವುದಕ್ಕೂ ಹೆಚ್ಚು ಹಿತ. ಮನೆಯಲ್ಲಿ ದಿನಾ ಕೂರುವುದಕ್ಕೆ ನಾನಾದರೆ ಅದನ್ನೇ ಹುಡುಕಿ ಅಂತ ಹೇಳುತ್ತೇನೆ.

ಒಂದು ಎಚ್ಚರಿಕೆ. ಮೈಸೂರು ಕಡೆಯ ಹಳೆ ಬೀಟೆ ಸಾಮಾನಿನಲ್ಲಿ ಆನೆದಂತದ ಕುಸುರಿ ಇರುವುದುಂಟು. ಎಷ್ಟೇ ಚೆಂದ ಇರಲಿ, ಕೊಳ್ಳಲು ಹೋಗಬೇಡಿ. ಆನೆದಂತದ ವ್ಯಾಪಾರಕ್ಕೆ ನಮ್ಮ ದೇಶದಲ್ಲಿ ನಿಷೇಧ ಇದೆ.

ಈಗ ನನಗೆ ತುಂಬ ಇಷ್ಟದ ವಿಷಯ, ಬೆತ್ತ. ಬೆತ್ತ ಅಂದರೆ ತಾಳೆಯ ಜಾತಿಗೆ ಸೇರಿದ ಬಳ್ಳಿ. ಮೈತುಂಬ ಮುಳ್ಳು. ಮರಗಳನ್ನು ಹತ್ತಿ ಬೆಳೆಯುತ್ತದೆ. ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೂ ಇದೆ. ಅದರ ಸಿಪ್ಪೆಯನ್ನು ಎಳೆ ಎಳೆಯಾಗಿ ಸೀಳಿ ಹೆಣೆಯುತ್ತಾರೆ. ಹಳೇ ಸೋಫಾದ ಚೌಕಟ್ಟಿನ ಸುತ್ತ ಸಾಲಾಗಿ ಸಣ್ಣ ತೂತು ಕಂಡರೆ ಅದು ಕೈಹೆಣಿಗೆ. ಎಳೆ ಆ ತೂತುಗಳ ಮೂಲಕವೇ ಹಾದು ಹೋಗುತ್ತದೆ. ತೂತಿನ ಬದಲು ಸುತ್ತಲೂ ಸಣ್ಣ ಕಾಲುವೆಯಂಥ ತೋಡು ಕೊರೆದು ಅದರಲ್ಲಿ ದಪ್ಪ ಬೆತ್ತದ ಅಂಚು ಒತ್ತಿದ್ದರೆ, ಅದು ಮೊದಲೇ ಹೆಣೆದ ಹಾಳೆಯನ್ನು ತಂದು ಕೂರಿಸಿದ್ದು. ಹಾಳೆ ಕೆಟ್ಟದ್ದೇನಲ್ಲ. ಆದರೆ ತೂತಿರುವ ಹಳೇ ಚೌಕಟ್ಟಿಗೆ ಹೊಸದಾಗಿ ತೋಡು ಕೊರೆಯಲು ದಯವಿಟ್ಟು ಬಿಡಬೇಡಿ. ಬೇಗ ಆಗುತ್ತೆ, ಅಗ್ಗ ಆಗುತ್ತೆ ಅಂತ ಹೇಳುತ್ತಾರೆ. ಒಮ್ಮೆ ಕೊರೆದ ಮೇಲೆ ಮರ ವಾಪಸ್ ಬರುವುದಿಲ್ಲ. ಪ್ಲಾಸ್ಟಿಕ್ ವಯರ್ ಹೆಣಿಗೆಯೂ ಅಷ್ಟೇ. ಬೇಸಿಗೆಯಲ್ಲಿ ಬೆನ್ನು ಬೆವರುತ್ತದೆ, ವರ್ಷ ಕಳೆದಂತೆ ಜೋಲುತ್ತದೆ.

ನಮ್ಮ ಸೋಫಾ ತಂದಾಗ ಕೂರುವ ಕಡೆ ಬೆತ್ತ ಹರಿದಿತ್ತು. ಅದಕ್ಕೆ ಬೆಲೆಯೂ ಇಳಿದಿತ್ತು. ಹೆಣೆಯಲು ಬಂದವರು ಅರವತ್ತು ದಾಟಿದ ಒಬ್ಬರು ಅಣ್ಣ. ಅವರಿಗೆ ಕಣ್ಣು ಕಾಣುವುದಿಲ್ಲ. ಅಂಧ ಮಕ್ಕಳ ಶಾಲೆಯಲ್ಲಿ ಕಲಿತ ಕೆಲಸ. ಬಕೆಟ್ಟಿನಲ್ಲಿ ನೆನೆಸಿಟ್ಟ ಎಳೆಯನ್ನು ತೆಗೆದು ಮೊದಲು ಹೆಬ್ಬೆರಳು, ತೋರುಬೆರಳಿನ ನಡುವೆ ಉದ್ದಕ್ಕೂ ಸವರುತ್ತಿದ್ದರು. ಎಳೆಯ ಒಂದು ಮೈ ನುಣುಪು, ಇನ್ನೊಂದು ಮೈ ಒರಟು. ನುಣುಪು ಮೇಲೆ ಬರಬೇಕು. ಮೊದಲು ಉದ್ದ ಎಳೆ, ಆಮೇಲೆ ಅಡ್ಡ. ಮತ್ತೆ ಉದ್ದ, ಮತ್ತೆ ಅಡ್ಡ. ಕೊನೆಗೆ ಎರಡು ಮೂಲೆಯಿಂದ ಓರೆ. ಒಟ್ಟು ಆರು ಸುತ್ತು. ಓರೆ ಎಳೆ ಬೀಳುವಾಗ ಚೌಕದ ಕಣ್ಣು ಎಂಟು ಮೂಲೆಯದಾಗುತ್ತದೆ. ಎಳೆ ಜಾರದಂತೆ ಪ್ರತಿ ತೂತಿಗೂ ಒಂದು ಗೂಟ ಚುಚ್ಚಿ, ಮುಂದೆ ಹೋಗಿ, ತಿರುಗಿ ಬಂದು ಅದನ್ನು ಕೀಳುತ್ತಿದ್ದರು. ನಾಲ್ಕು ದಿನ ಕೆಲಸ ನಡೆಯಿತು. ಒಂದು ಕಣ್ಣೂ ತಪ್ಪಲಿಲ್ಲ. 'ಅಣ್ಣ, ಎಲ್ಲ ಮುಗಿದ ಮೇಲೆ ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ?' ಅಂತ ಕೇಳಿದೆ. ಅವರು ಹೆಣಿಗೆಯ ನಡುವೆ ಬೆರಳಿನಿಂದ ತಟ್ಟಿದರು. ಒದ್ದೆ ಬೆತ್ತ ಮೆತ್ತಗೆ 'ದಬ್' ಅಂತು. 'ನಾಳೆ ಒಣಗಲಿ ಅಮ್ಮ, ಆಗ ತಟ್ಟಿ ನೋಡಿ' ಅಂದರು.

ಕುಶನ್ ಇರುವ ಸೋಫಾ ಆದರೆ ಬಟ್ಟೆಗೆ ಮಾರುಹೋಗಬೇಡಿ, ಬಟ್ಟೆ ಹೇಗಿದ್ದರೂ ಬದಲಾಗುತ್ತದೆ. ಅಡಿಯ ಗೋಣಿತಾಟು ಬಿಚ್ಚಿಸಿ ಸ್ಪ್ರಿಂಗು, ತೆಂಗಿನ ನಾರು ನೋಡಿ. ಹೊಲಿಗೆಯ ಸಂದಿಯಲ್ಲಿ ಕಪ್ಪು ಚುಕ್ಕಿ ಕಂಡರೆ ಅದು ತಿಗಣೆಯ ಗುರುತಿರಬಹುದು. ಅಂಥದ್ದು ಮನೆ ಹೊಸ್ತಿಲು ದಾಟಬಾರದು. ಮುಗ್ಗಲು ವಾಸನೆ ಇದ್ದರೆ ಒಳಗಿನದೆಲ್ಲ ಹೊಸದು ಹಾಕಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪಾಲಿಶ್ ವಿಷಯದಲ್ಲಿ ಆತುರ ಬೇಡ. ಹಳೇ ಸೋಫಾಗಳಿಗೆ ಹೆಚ್ಚಾಗಿ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಉಜ್ಜಿದ ಫ್ರೆಂಚ್ ಪಾಲಿಶ್ ಇರುತ್ತದೆ. ಕಾಣದ ಮೂಲೆಯಲ್ಲಿ ಹತ್ತಿಗೆ ಸ್ಪಿರಿಟ್ ಹಚ್ಚಿ ಒತ್ತಿದರೆ ಅಂಟಂಟಾಗುತ್ತದೆ. ಹಾಗಿದ್ದರೆ ಕೆರೆದು ತೆಗೆಯಬೇಕಾಗಿಲ್ಲ. ಅದರ ಮೇಲೇ ಮತ್ತೆ ಅರಗು ಉಜ್ಜಿಸಬಹುದು. ಯಂತ್ರ ಇಟ್ಟು ಉಜ್ಜಿಸಿದರೆ ಕೈ ಇಟ್ಟು ಇಟ್ಟು ಮೆತ್ತಗಾದ ಆ ಅಂಚು, ಆ ಬಣ್ಣ ಎಲ್ಲ ಹೋಗಿಬಿಡುತ್ತದೆ.

ಮನೆಯಿಂದ ಹೊರಡುವಾಗ ಟೇಪು ಮರೆಯಬೇಡಿ. ಬಾಗಿಲು, ಮೆಟ್ಟಿಲ ತಿರುವು, ಲಿಫ್ಟ್ ಮೂರನ್ನೂ ಅಳೆದು ಬರೆದುಕೊಳ್ಳಿ. ಹಳೇ ಮೂರು ಜನರ ಸೋಫಾ ಆರು ಅಡಿಗೂ ಜಾಸ್ತಿ ಇರಬಹುದು, ಕಾಲು ಬಿಚ್ಚಲೂ ಬರುವುದಿಲ್ಲ. ಇನ್ನು ಮನೆಯಲ್ಲಿ ಮಂಡಿ ನೋವಿನ ಹಿರಿಯರಿದ್ದರೆ ಅವರನ್ನೇ ಕರೆದುಕೊಂಡು ಹೋಗಿ ಕೂರಿಸಿ, ಎಬ್ಬಿಸಿ ನೋಡಿ. ನಮ್ಮಮ್ಮ ಕೈಹಿಡಿಯ ಮೇಲೆ ಅಂಗೈ ಊರಿ ಯಾರ ಸಹಾಯವೂ ಇಲ್ಲದೆ ಎದ್ದರು. ನಾನು ಅಲ್ಲೇ ದುಡ್ಡು ಕೊಟ್ಟೆ.

ಬೆತ್ತ ಸ್ವಲ್ಪ ಜೋತಂತೆ ಕಂಡಾಗ ಈಗಲೂ ನಾನು ಅದನ್ನು ಮಗುಚುತ್ತೇನೆ. ಅಡಿಯಿಂದ ಬಿಸಿನೀರಿನ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ರಾತ್ರಿಯಿಡೀ ಯಾರೂ ಕೂರದಂತೆ ಬಿಡುತ್ತೇನೆ. ಒಣಗುತ್ತಾ ಎಳೆ ಬಿಗಿಯುತ್ತದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದ ಅಮ್ಮ, ಕೂರುವ ಮೊದಲು ಒಮ್ಮೆ ಬೆರಳಿನಿಂದ ತಟ್ಟುತ್ತಾರೆ. 'ಟಣ್' ಅನ್ನುತ್ತದೆ.

ನಮಸ್ಕಾರ.