ಪಾಠ ಹೇಳುವ ವೈದ್ಯರ ದುಡಿಮೆ ಲೆಕ್ಕಕ್ಕೆ ಬರಲಿ

ನಮಸ್ಕಾರ. ಇವತ್ತಿನ ಮಾತನ್ನ ಒಬ್ಬ ನಟನಿಂದ ಶುರು ಮಾಡ್ತೀನಿ. ಅಮೆರಿಕದಲ್ಲಿ ಸಂಶೋಧಕರು ಅವನಿಗೆ ಡಾಕ್ಟರ್ ಮೈರನ್ ಫಾಕ್ಸ್ ಅಂತ ಹೆಸರಿಟ್ಟು, ವೈದ್ಯಶಿಕ್ಷಣದಲ್ಲಿ ಗಣಿತದ ಗೇಮ್ ಥಿಯರಿ ಅನ್ನೋ ವಿಷಯದ ಮೇಲೆ ಉಪನ್ಯಾಸ ಕೊಡಿಸಿದ್ರು. ಅವನಿಗೆ ಆ ವಿಷಯದ ಗಂಧಗಾಳಿ ಇರಲಿಲ್ಲ. ಒಂದಕ್ಕೊಂದು ಸಂಬಂಧ ಇಲ್ಲದ ಮಾತು, ಅರ್ಥವಿಲ್ಲದ ಹೊಸ ಪದಗಳು, ನಡುನಡುವೆ ನಗೆಚಟಾಕಿ, ಎಲ್ಲವನ್ನೂ ಪೂರ್ತಿ ಆತ್ಮವಿಶ್ವಾಸದಿಂದ ಹೇಳ್ದ. ಕೇಳ್ತಾ ಇದ್ದವರಲ್ಲಿ ಮನೋವೈದ್ಯರಿದ್ರು, ಮನಶ್ಶಾಸ್ತ್ರಜ್ಞರಿದ್ರು. ಫೀಡ್‌ಬ್ಯಾಕ್ ಫಾರಂ ಕೊಟ್ಟಾಗ ಬಹುಪಾಲು ಜನ ಮೆಚ್ಚುಗೆಯನ್ನೇ ಬರೆದ್ರು. 1973ರಲ್ಲಿ ಈ ಪ್ರಯೋಗ ಪ್ರಕಟ ಆಯ್ತು.

ಇಷ್ಟೆಲ್ಲ ಗೊತ್ತಿದ್ದೂ ವೈದ್ಯಕೀಯ ಶಿಕ್ಷಕರನ್ನ ಅಳೆಯೋಕೆ ನಾವು ಇವತ್ತಿಗೂ ಮೊದಲು ಕೈಗೆತ್ತಿಕೊಳ್ಳೋದು ಅದೇ ಫಾರಂ. ವಿದ್ಯಾರ್ಥಿಗಳ ಅಭಿಪ್ರಾಯ ಬೇಕೇ ಬೇಕು. ಶಿಕ್ಷಕರು ಹೊತ್ತಿಗೆ ಸರಿಯಾಗಿ ಬಂದ್ರಾ, ಪ್ರಶ್ನೆ ಕೇಳಿದವರನ್ನ ಅವಮಾನಿಸಿದ್ರಾ, ಇದನ್ನ ಅವರಿಗಿಂತ ಚೆನ್ನಾಗಿ ಹೇಳೋರು ಯಾರೂ ಇಲ್ಲ. ಆದ್ರೆ ಹೇಳಿಕೊಟ್ಟದ್ದು ಸರಿಯಾಗಿತ್ತಾ, ಬಿಟ್ಟು ಹೋದದ್ದು ಏನು ಅನ್ನೋದನ್ನ ಈಗಷ್ಟೇ ಕಲಿಯೋಕೆ ಕೂತವರು ಹೇಗೆ ಹೇಳ್ತಾರೆ? ಅದನ್ನ ಹೇಳಬೇಕಾದವರು ಸಹೋದ್ಯೋಗಿಗಳು.

ಇನ್ನೊಂದು ಅಳತೆಗೋಲು ಪ್ರಕಟಿಸಿದ ಸಂಶೋಧನಾ ಪೇಪರ್‌ಗಳ ಸಂಖ್ಯೆ. ಬಡ್ತಿ ಸಮಿತಿಗೆ ಎಣಿಸೋಕೆ ಸುಲಭ, ಅಷ್ಟೇ.

1990ರಲ್ಲಿ ಅಮೆರಿಕದ ಶಿಕ್ಷಣ ತಜ್ಞ ಅರ್ನೆಸ್ಟ್ ಬೋಯರ್ ಹೇಳಿದ್ರು: ಹೊಸದನ್ನ ಕಂಡುಹಿಡಿಯೋದೊಂದೇ ವಿದ್ವತ್ತಲ್ಲ, ಬೋಧನೆಗೂ ಅದರದೇ ವಿದ್ವತ್ತಿದೆ. 1997ರಲ್ಲಿ ಅಲ್ಲಿನವರೇ ಆದ ಚಾರ್ಲ್ಸ್ ಗ್ಲಾಸಿಕ್ ಮತ್ತು ಸಂಗಡಿಗರು ಇಂಥ ವಿದ್ವತ್ತನ್ನ ತೂಗೋಕೆ ಆರು ಮಾನದಂಡ ಕೊಟ್ರು. ಸ್ಪಷ್ಟ ಗುರಿ, ಸಾಕಷ್ಟು ತಯಾರಿ, ತಕ್ಕ ವಿಧಾನ, ಗಣನೀಯ ಫಲಿತಾಂಶ, ಇತರರಿಗೆ ಚೆನ್ನಾಗಿ ಮುಟ್ಟಿಸೋದು, ಕೊನೆಗೆ ತನ್ನ ಕೆಲಸವನ್ನ ತಾನೇ ವಿಮರ್ಶೆ ಮಾಡಿಕೊಳ್ಳೋದು. ನನಗೆ ಇವುಗಳಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ಸೋದು ಆ ಕೊನೆಯದು.

ಒಂದು ಉದಾಹರಣೆ ತಗೊಳ್ಳಿ. ಪಾಳಿ ಬದಲಾಗುವಾಗ ಇಂಟರ್ನ್‌ಗಳು ರೋಗಿಯ ಮಾಹಿತಿಯನ್ನ ಅರ್ಧಂಬರ್ಧ ದಾಟಿಸ್ತಿದ್ದಾರೆ ಅಂತ ಒಬ್ಬ ಶಿಕ್ಷಕಿ ಗಮನಿಸ್ತಾರೆ. ಎಲ್ಲೆಲ್ಲಿ ತಪ್ತಾರೆ ಅಂತ ಬರೆದಿಟ್ಟುಕೊಳ್ತಾರೆ, ಅದನ್ನ ಸರಿಪಡಿಸೋಕೆ ಒಂದು ತರಬೇತಿ ರೂಪಿಸ್ತಾರೆ. ಕೆಲವು ವಾರ ಬಿಟ್ಟು ವಾರ್ಡಿನಲ್ಲೇ ನೋಡ್ತಾರೆ, ಕಲಿತದ್ದು ಉಳಿದಿದೆಯಾ ಅಂತ. ಉಳಿಯದ ಭಾಗವನ್ನ ತಿದ್ತಾರೆ. ಆಮೇಲೆ ಚೆಕ್‌ಲಿಸ್ಟ್, ಸನ್ನಿವೇಶ, ಸೋತ ಪ್ರಯತ್ನ ಎಲ್ಲವನ್ನೂ ಬೇರೆ ವಿಭಾಗದವರ ಕೈಗೆ ಕೊಟ್ಟು, ತಪ್ಪು ಹುಡುಕಿ ಅಂತಾರೆ. ಇದು ಅಪ್ಪಟ ವಿದ್ವತ್ತಿನ ಕೆಲಸ. ಇಂಥ ಬೋಧನಾ ಸಾಮಗ್ರಿಯನ್ನ ತಜ್ಞರಿಂದ ಪರಿಶೀಲಿಸಿ ಪ್ರಕಟಿಸೋಕೆ ಅಂತಲೇ ಮೆಡ್‌ಎಡ್‌ಪೋರ್ಟಲ್ ಅನ್ನೋ ಆನ್‌ಲೈನ್ ಪತ್ರಿಕೆ ಇದೆ. ಆದ್ರೂ ಎಷ್ಟೋ ಕಡೆ ಬಡ್ತಿಯ ಅರ್ಜಿ ಫಾರಂನಲ್ಲಿ ಆ ಶಿಕ್ಷಕಿಯ ಕೆಲಸ ಬರೆಯೋಕೆ ಒಂದು ಕಾಲಮ್ಮೇ ಇರಲ್ಲ. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ಹಾಗಂತ ಪಾಠ ಮಾಡೋರೆಲ್ಲ ಬರೀಲೇಬೇಕು ಅಂತ ನಾನು ಹೇಳ್ತಿಲ್ಲ. ರೋಗಿಯ ಮಂಚದ ಪಕ್ಕ ನಿಂತು ಸೊಗಸಾಗಿ ಕಲಿಸೋರು ಒಂದಕ್ಷರ ಪ್ರಕಟಿಸದಿದ್ರೂ ಆ ಕಲಿಸುವಿಕೆಗೇ ಮನ್ನಣೆ ಸಿಗಬೇಕು. ಅವರ ಮೇಲೆ ಪೇಪರ್ ಹೇರಿದ್ರೆ ಒಳ್ಳೆಯ ಶಿಕ್ಷಕರು ಕಳೆದುಹೋಗ್ತಾರೆ, ಕಳಪೆ ಪೇಪರ್ ಹೆಚ್ಚುತ್ತೆ.

ಇನ್ನು ಶಿಕ್ಷಕರನ್ನ ಬೆಳೆಸೋ ಮಾತು. ಒಂದು ಕಾರ್ಯಾಗಾರಕ್ಕೆ ಕಳಿಸಿ ಸರ್ಟಿಫಿಕೇಟ್ ಕೊಟ್ರೆ ಯಾರೂ ಬೆಳೆಯಲ್ಲ. ಸಹೋದ್ಯೋಗಿ ಬಂದು ತರಗತಿಯಲ್ಲಿ ಕೂರಬೇಕು, ಆಮೇಲೆ ಇಬ್ಬರೂ ಮನಸ್ಸು ಬಿಚ್ಚಿ ಮಾತಾಡಬೇಕು. ಆ ಮಾತು ಬಡ್ತಿಯ ಕಡತಕ್ಕೆ ಹೋಗಬಾರದು. ಹೋಗುತ್ತೆ ಅಂತ ಗೊತ್ತಾದ್ರೆ ತನ್ನ ಕೊರತೆ ತೋರಿಸೋ ಧೈರ್ಯ ಯಾರಿಗಿರುತ್ತೆ? ಬಡ್ತಿಗೆ ಬೇರೆಯೇ ಮೌಲ್ಯಮಾಪನ ಇರಲಿ.

ಜೊತೆಗೆ ಸಮಯ ಕೊಡಿ. ಹೊರರೋಗಿ ವಿಭಾಗ, ಶಸ್ತ್ರಚಿಕಿತ್ಸೆ, ರಾತ್ರಿ ಪಾಳಿ ಎಲ್ಲ ಮುಗಿಸಿ ಉಳಿದ ಹೊತ್ತಲ್ಲಿ ಪಠ್ಯಕ್ರಮ ರೂಪಿಸಿ ಅನ್ನೋದು ಅನ್ಯಾಯ. ಡ್ಯೂಟಿ ಪಟ್ಟಿಯಲ್ಲೇ ಆ ಗಂಟೆಗಳನ್ನ ಬರೆದಿಡಿ. ಬಡ್ತಿ ಸಮಿತಿಯಲ್ಲಿ ಶಿಕ್ಷಣದ ಕೆಲಸ ಬಲ್ಲವರು ಒಬ್ಬರಾದ್ರೂ ಕೂರಲಿ, ಮತ್ತು ಅವರ ಮಾತಿಗೆ ಪೇಪರ್ ಎಣಿಸುವವರ ಮಾತಿನಷ್ಟೇ ತೂಕ ಇರಲಿ.